ಊರಿಗೆಲ್ಲ ಗೊತ್ತಿದ್ದ ನನ್ನ ಮುಟ್ಟು

ನಮ್ಮ ಕಡೆ ಹಸು ಬೆದೆಗೆ ಬಂದರೆ ಊರಿಗೆಲ್ಲ ಗೊತ್ತಾಗುತ್ತದೆ. ಗೊತ್ತಾಗುವುದೇನು, ನಾವೇ ಕೂಗಿ ಹೇಳುತ್ತೇವೆ. ತುಂಬಿದ ಬಸ್ಸಿನಲ್ಲಿ ನಿಂತು, ಪಕ್ಕದವರ ಕಿವಿ ತೂತು ಬೀಳುವ ಹಾಗೆ, 'ಡಾಕ್ಟ್ರೇ, ಬೆಳಿಗ್ಗೆಯಿಂದ ಅಂಬಾ ಅಂತ ಕೂಗ್ತಾ ಅದೆ, ಬಂದು ಇಂಜೆಕ್ಷನ್ ಕೊಟ್ಬುಡಿ' ಎಂದು ಫೋನಿನಲ್ಲಿ ಹೇಳುವ ಗಂಡಸರನ್ನು ನಾನು ನೋಡಿದ್ದೇನೆ. ಯಾರೂ ಮುಖ ತಿರುಗಿಸುವುದಿಲ್ಲ. ಮುಂದಿನ ಸೀಟಿನವರು, 'ಜರ್ಸಿದು ಆಕ್ಸಪ್ಪಾ' ಎಂದು ಸಲಹೆ ಬೇರೆ ಕೊಡುತ್ತಾರೆ. ನಮ್ಮೆಜಮಾನರು ಗೋಡೆಯ ಕ್ಯಾಲೆಂಡರಿನಲ್ಲಿ ನಮ್ಮ ಗೌರಿ ಬೆದೆಗೆ ಬಂದ ದಿನಕ್ಕೆಲ್ಲ ಸುತ್ತು ಹಾಕಿ ಇಟ್ಟಿದ್ದಾರೆ. ನನ್ನದು ಯಾವತ್ತು ಎಂದು ಕೇಳಿನೋಡಿ. 'ಅದೆಲ್ಲ ಎಂಗಸ್ರ ವಿಷ್ಯ ಬುಡು' ಎಂದು ಟವಲ್ ಕೊಡವಿಕೊಂಡು ಹೊರಗೆ ಹೋಗುತ್ತಾರೆ. ಗೌರಿ ಮಾತ್ರ ಗಂಡಸೇನೋ!

ನನ್ನ ಫೇಸ್‌ಬುಕ್ ಓದುವವರಿಗೆ ಗೊತ್ತು, ನಾನು ಬರೆಯದೆ ಬಿಟ್ಟ ಸಂಗತಿ ಕಡಿಮೆ. ಗಂಡನ ಗೊರಕೆಯಿಂದ ಹಿಡಿದು, ನಮ್ಮ ಓರಗಿತ್ತಿ ಮದುವೆಮನೆಯಲ್ಲಿ ಹೋಳಿಗೆ ಬಚ್ಚಿಟ್ಟುಕೊಂಡದ್ದರವರೆಗೆ ಎಲ್ಲ ಬರೆದು ಬೈಸಿಕೊಂಡಿದ್ದೇನೆ. ಈ ಒಂದು ವಿಷಯಕ್ಕೆ ಮಾತ್ರ ನನಗೂ ಬೆರಳು ಓಡಿರಲಿಲ್ಲ. ಈಗ ಬರೆಯುತ್ತಿದ್ದೇನೆ. ಅತ್ತೆಯನ್ನು ಕೇಳಿದೆ. 'ಬರ್ಕೊ, ನನ್ನೆಸ್ರು ಮಾತ್ರ ಆಕ್ಬ್ಯಾಡ' ಎಂದರು. ಹಾಗಾಗಿ ಅತ್ತೆ ಇಲ್ಲಿ ಬರೀ ಅತ್ತೆ.

ನಮ್ಮದು ಹಾರನಹಳ್ಳಿ ಹತ್ತಿರದ ಒಂದು ಊರು. ಸ್ವಲ್ಪ ತಂಬಾಕು, ಅದನ್ನು ಬೇಯಿಸಲು ಒಂದು ಬ್ಯಾರನ್, ಎರಡು ಹಸು, ಒಬ್ಬ ಗಂಡ, ಒಬ್ಬರು ಅತ್ತೆ. ಮಕ್ಕಳು ಹಾಸ್ಟೆಲಿನಲ್ಲಿ. ಮನೆಗೆ ಟೈಲ್ಸ್ ಬಂದಿದೆ, ವೈಫೈ ಬಂದಿದೆ. ಆದರೂ ಸೊಸೆ 'ಹೊರಗಾದರೆ' ದೇವರಮನೆ, ಅಡುಗೆಮನೆ, ಬ್ಯಾರನ್ ಮೂರಕ್ಕೂ ಕಾಲಿಡಬಾರದು ಎಂಬ ಅತ್ತೆಯ ಕಾಯಿದೆ ಹಾಗೇ ಇದೆ. ಬ್ಯಾರನ್ನಿಗೆ ಹೋದರೆ ಸೊಪ್ಪಿನ ಬಣ್ಣ ಕೆಡುತ್ತದಂತೆ. ಮದುವೆಯಾದ ಹೊಸದರಲ್ಲಿ ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ, ಬೆಂಕಿಯಂಥ ಬಿಸಿಲಿನಲ್ಲಿ ಎಲ್ಲರೂ ಬ್ಯಾರನ್ನಿಗೆ ಸೊಪ್ಪು ಏರಿಸುವಾಗ ನಾನೊಬ್ಬಳು ಫ್ಯಾನ್ ಕೆಳಗೆ ಕೂತು, ಅತ್ತೆ ಮಾಡಿದ ಉಪ್ಸಾರು ತಿಂದು, ಮೊಬೈಲ್ ಒತ್ತುವ ಈ ಶಿಕ್ಷೆಯನ್ನು ವಿರೋಧಿಸುವುದು ಕಷ್ಟವಾಯಿತು. ಸ್ತ್ರೀವಾದಿ ಗೆಳತಿಯರು ಕ್ಷಮಿಸಬೇಕು.

ಇಂಥ ವ್ಯವಸ್ಥೆ ನಲವತ್ತು ದಾಟಿದ ಮೇಲೆ ಕೆಟ್ಟಿತು. ಒಂದು ತಿಂಗಳು ಎರಡು ಸಲ ಬಂತು. ಬಂದದ್ದು ಹೋಗುವ ಮಾತೇ ಆಡಲಿಲ್ಲ, ರಜಕ್ಕೆ ಬಂದ ನೆಂಟರ ಹಾಗೆ ಉಳಿದುಬಿಟ್ಟಿತು. ಆಮೇಲೆ ಮೂರು ತಿಂಗಳು ಪತ್ತೆಯೇ ಇಲ್ಲ. ಜೊತೆಗೆ ಕೂದಲು ಬಾಚಣಿಗೆಗೆ ಬಂತು, ಬ್ಲೌಸು ತೋಳಿಗೆ ಹತ್ತಲಿಲ್ಲ, ಕೂತಲ್ಲೇ ನಿದ್ದೆ. ಹಾಲು ಉಕ್ಕುವುದನ್ನು ನೋಡುತ್ತಾ ನಿಂತು, ಅದು ಉಕ್ಕಿದ ಮೇಲೆ ಯಾಕೆ ನಿಂತಿದ್ದೆ ಎಂದು ಯೋಚಿಸುತ್ತಿದ್ದೆ. ಒಳಗೊಳಗೇ ಹೆದರಿಕೆ. ಗೂಗಲ್ ಕೇಳಿದೆ. ಅದು ಕ್ಯಾನ್ಸರಿನಿಂದ ಶುರುಮಾಡಿ ಅಲ್ಲಿಗೇ ನಿಲ್ಲಿಸಿತು.

ಇದರ ನಡುವೆ ಊರಿನ ಹೆಂಗಸರ ವರ್ತನೆ ನನಗೆ ವಿಚಿತ್ರವಾಗಿ ಕಂಡಿತು. ಡೈರಿಗೆ ಹಾಲು ಹಾಕಲು ಹೋದರೆ ಒಬ್ಬರು ಕೆನ್ನೆ ಸವರಿ, 'ಎಂಗ್ ಬಿಳ್ಚ್ಕೊಂಡಿದ್ದೀಯೆ ಕಣವ್ವ, ಇನ್ನೂ ನಿಂತಿಲ್ವಾ?' ಎನ್ನುತ್ತಿದ್ದರು. ಇನ್ನೊಬ್ಬರು ಸೆರಗಿನಲ್ಲಿ ನುಗ್ಗೆಸೊಪ್ಪು ತಂದು ಕೊಡುತ್ತಿದ್ದರು. 'ಈ ಪಾಟಿ ಓದ್ರೆ ಮೈಯಲ್ಲಿ ರಕ್ತ ಎಲ್ಲುಳೀತದೆ?' ಬಂದೇ ಇಲ್ಲವಲ್ಲ ಎಂದು ಒದ್ದಾಡುತ್ತಿರುವವಳಿಗೆ ನಿಂತಿಲ್ಲವಾ ಎಂದು ಕೇಳಿದರೆ ಏನು ಹೇಳುವುದು? ಪಾಪ, ಯಾರದೋ ಸುದ್ದಿ ನನಗೆ ಅಂಟಿದೆ ಎಂದುಕೊಂಡು ನುಗ್ಗೆಸೊಪ್ಪನ್ನು ಪಲ್ಯ ಮಾಡಿದೆ. ಬಿಟ್ಟಿ ಸೊಪ್ಪಿಗೆ ಯಾಕೆ ತಕರಾರು.

ನನ್ನ ನಾದಿನಿ ರತ್ನ ಸರಗೂರಿಗೆ ಕೊಟ್ಟ ಹೆಣ್ಣು. ಅವಳು ಒಂದೆರಡು ವರ್ಷದ ಕೆಳಗೆ ಗರ್ಭಕೋಶ ತೆಗೆಸಿಕೊಂಡಿದ್ದಾಳೆ. ತೆಗೆಸಿಕೊಂಡ ಮೇಲೆ, ಹೊಸ ಫ್ರಿಜ್ ಕೊಂಡವರು ಕಂಡವರಿಗೆಲ್ಲ ಅದೇ ಕಂಪನಿಯದು ತೊಗೊಳ್ಳಿ ಎನ್ನುವ ಹಾಗೆ ಎಲ್ಲರಿಗೂ ತೆಗೆಸಿಕೊಳ್ಳಿ ಎನ್ನುತ್ತಾಳೆ. ನನ್ನ ವಿಷಯ ಕಿವಿಗೆ ಬಿದ್ದದ್ದೇ ಫೋನು ಮಾಡಿದಳು.

'ಅತ್ಗೆ, ಸುಮ್ನೆ ತಗ್ಸಾಕ್ಬುಡಿ. ಮಕ್ಳಾಗಿ ಅವೆ, ಇನ್ನೇನ್ಮಾಡೀರಿ ಅದ್ನ ಮಡಿಕ್ಕಂಡು?'

'ಏನಾಗಿದೆ ಅಂತ ಮೊದ್ಲು ಗೊತ್ತಾಗ್ಲಿ ತಡಿ ರತ್ನ.'

'ಏನಾಗಿದ್ರೂ ಅದೇಯ. ಸಸಿ ನೆಡಕ್ಕೆ ಇನ್ನೂ ಟೈಮದೆ. ಈಗ ಮಾಡಿಸ್ಕಂಡ್ರೆ ಓಗೆ ಆಕೋ ಒತ್ತಿಗೆ ಎದ್ದು ಓಡಾಡೀರಿ.'

ಓಗೆ ಎಂದರೆ ಸಸಿಮಡಿ. ನನ್ನ ಹೊಟ್ಟೆ ಕೊಯ್ಯಲು ತಂಬಾಕಿನ ಸೀಸನ್ ನೋಡಿ ಮುಹೂರ್ತ ಇಟ್ಟಿದ್ದಳು! ಅತ್ತೆಯೂ, 'ಒಂದ್ಸತಿ ನೋವು ತಿಂದ್ರೆ ಮುಗೀತದೆ ಬುಡು' ಎಂದರು. ಗಂಡ, 'ಅವ್ವ ಯೋಳ್ದಂಗೆ' ಎಂದರು. ನನಗೋ, ಟ್ರಾಕ್ಟರ್ ಕೆಟ್ಟರೆ ಬಾನೆಟ್ ಎತ್ತಿ ನೋಡುವ ಜನ ನನ್ನ ವಿಷಯಕ್ಕೆ ಮಾತ್ರ ಇಂಜಿನ್ನೇ ಎಸೆಯಿರಿ ಎನ್ನುತ್ತಿದ್ದಾರಲ್ಲ ಎಂದು ಅಳು ಬಂತು. ಒಂದೇ ಹಟ ಹಿಡಿದೆ: ಡಾಕ್ಟರು ನೋಡಲಿ, ಕಾರಣ ಹೇಳಲಿ, ಆಮೇಲೆ ಮಾತು.

ಹಾಗೆ ಹುಣಸೂರಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋದೆವು. ನಾನು, ಅತ್ತೆ, ಮತ್ತು ಸಾಕ್ಷಿ ಹೇಳಲು ಸರಗೂರಿನಿಂದ ಎರಡು ಬಸ್ಸು ಬದಲಾಯಿಸಿ ಬಂದ ರತ್ನ. ಸ್ಕ್ಯಾನಿಂಗ್ ಆಗಬಹುದು, ನೀರು ಕುಡಿದುಕೊಂಡು ಬನ್ನಿ ಎಂದು ಫೋನಿನಲ್ಲಿ ಹೇಳಿದ್ದರು. ನಾನು ವಿಧೇಯ ಹೆಣ್ಣುಮಗಳು, ಮನೆಯಲ್ಲೇ ಬಿಂದಿಗೆಯಷ್ಟು ಕುಡಿದು ಬಸ್ಸು ಹತ್ತಿದೆ. ನಮ್ಮ ರಸ್ತೆಯ ಹಂಪುಗಳನ್ನು ಹಾಕಿಸಿದವರನ್ನು ಅವತ್ತು ನೆನೆದಷ್ಟು ಯಾವತ್ತೂ ನೆನೆದಿಲ್ಲ.

ಡಾಕ್ಟರು ನನಗಿಂತ ಚಿಕ್ಕವರು. ನಗುಮುಖ. 'ಏನು ತೊಂದರೆ, ನಿಧಾನವಾಗಿ ಹೇಳಿ' ಎಂದರು. ನಿಧಾನವಾಗಿ ಹೇಳುವ ಸ್ಥಿತಿ ನನ್ನದಲ್ಲ. ಕಾಲಿನ ಮೇಲೆ ಕಾಲು ಹಾಕಿಕೊಂಡು, ಮೂರು ತಿಂಗಳಿಂದ ಬಂದಿಲ್ಲ, ಅದಕ್ಕೆ ಮುಂಚೆ ಒಂದು ತಿಂಗಳು ಮಾತ್ರ ಹೆಚ್ಚು ಹೋಯಿತು ಎಂದು ಒಂದೇ ಉಸಿರಿಗೆ ಹೇಳಿದೆ.

'ಸುಳ್ಳು ಡಾಕ್ಟ್ರೇ' ಎಂದಳು ರತ್ನ. 'ನಮ್ಮತ್ಗೆ ನಾಚ್ಕೊತಾವ್ರೆ. ಅವ್ರ್ಗೆ ಯಾವಾಗ್ಲೂ ಓಗ್ತಾನೆ ಇರ್ತದೆ. ಹದಿನೈದು ದಿನಕ್ಕೊಂದ್ಸತಿ, ಎಂಟು ದಿನಕ್ಕೊಂದ್ಸತಿ. ಮೊನ್ನೆ ನಮ್ಮನೆ ಗೃಹಪ್ರವೇಶಕ್ಕೆ ಅವ್ವ ಬರಕ್ಕಾಗ್ನಿಲ್ಲ, ಯಾಕೆ? ಅತ್ಗೆ ಹೊರಗಾಗಿದ್ರು. ಅದಾಗಿ ವಾರಕ್ಕೆ ಕೆ.ಆರ್. ನಗರದಲ್ಲಿ ಸೀಮಂತ, ಆಗ್ಲೂ ಹೊರಗೆ. ಅದಾದ್ಮೇಲೆ ಬೀಗ್ರೂಟ, ಆಗ್ಲೂವೆ. ಊರ್ನಲ್ಲಿ ಯಾರ್ನಾದ್ರೂ ಕೇಳಿ.'

ಡಾಕ್ಟರ ನಗು ಇಳಿಯಿತು. ಪೆನ್ನು ಓಡತೊಡಗಿತು. 'ಇಷ್ಟೊಂದು ಬ್ಲೀಡಿಂಗ್ ಇದ್ರೆ ಬೇರೆ ಥರಾನೇ ಯೋಚ್ನೆ ಮಾಡ್ಬೇಕಾಗುತ್ತೆ. ಎಲ್ಲ ಟೆಸ್ಟೂ ಮಾಡ್ಸೋಣ. ಆಪರೇಷನ್ನೂ ಬೇಕಾಗಬಹುದು. ಮುಚ್ಚಿಡಬೇಡೀಮ್ಮ, ಸರಿಯಾಗಿ ಹೇಳಿ.'

ರತ್ನ ನೋಡಿದಿರಾ ಎನ್ನುವ ಹಾಗೆ ನನ್ನ ಕಡೆ ನೋಡಿದಳು. ನನಗೆ ನನ್ನ ಮೇಲೇ ಅನುಮಾನ ಬಂತು. ಹಾಲು ಉಕ್ಕಿದ್ದು ಮರೆಯುವವಳು ಇದನ್ನೂ ಮರೆತೆನೇ? ಇವರೆಲ್ಲ ಹೇಳುವ ಆ ಮುಟ್ಟು ಯಾರಿಗೆ ಆಗಿತ್ತು? 'ನಾನ್ಯಾವಾಗತ್ತೆ ಹೊರಗಾಗಿದ್ದೆ?' ಎಂದು ಅತ್ತೆಯ ಕಡೆ ತಿರುಗಿದೆ. ಅತ್ತೆ ಗೋಡೆಯ ಮೇಲಿನ ಗರ್ಭಕೋಶದ ಚಿತ್ರವನ್ನು, ಹಿಂದೆಂದೂ ಇಲ್ಲದ ಭಕ್ತಿಯಿಂದ ನೋಡುತ್ತಿದ್ದರು.

'ಅಜ್ಜಿ, ನಿಮಗೇನಾದ್ರೂ ಗೊತ್ತಾ?' ಡಾಕ್ಟರು ಕೇಳಿದರು.

ಅತ್ತೆ ಸೆರಗು ಸರಿಮಾಡಿಕೊಂಡರು. ಕೆಮ್ಮಿದರು. 'ಅವೆಲ್ಲ ಆಗಿದ್ದಲ್ಲ ಕಣವ್ವ' ಎಂದರು. 'ನಾನು ಯೋಳಿದ್ದು.'

'ಅಂದ್ರೆ?'

'ಎಲ್ಲಾರ ಓಗಕ್ಕೆ ಇಷ್ಟ ಇಲ್ದಾಗ ಏನಂತ ಯೋಳಾದು? ಕಾಲ್ನೋವು ಅಂದ್ರೆ ಆಟೋ ಕಳಿಸ್ತೀವಿ ಅಂತಾರೆ. ಜರ ಅಂದ್ರೆ ಮಾತ್ರೆ ತಕ್ಕಂಡು ಮನೇಗೇ ಬತ್ತಾರೆ. ಸೊಸೆ ಹೊರಗಾಗವಳೆ, ಮನೇಲಿ ಒಲೆ ಅಚ್ಚೋರಿಲ್ಲ ಅಂದ್ರೆ ತಿರುಗಿ ಮಾತಾಡಕಿಲ್ಲ ಯಾರೂವೆ. ಮೊಸರು ಕೇಳಕ್ಕೆ ಬಂದೋರೂ ಅಂಗೇ ವಾಪಸ್ ಓಗ್ತಾರೆ.'

ನುಗ್ಗೆಸೊಪ್ಪಿನ ಮೂಲ ನನಗೆ ಹೊಳೆಯಿತು. ಊರೆಲ್ಲ ನನ್ನನ್ನು ನೋಡಿ ಮರುಗಿದ್ದು ಅತ್ತೆ ತಪ್ಪಿಸಿಕೊಂಡ ಊಟಗಳ ಲೆಕ್ಕದಲ್ಲಿ. ಆದರೆ ನಾನು ಬಾಯಿ ತೆರೆಯುವ ಮುಂಚೆ ರತ್ನ ಎದ್ದು ನಿಂತಿದ್ದಳು.

'ನನ್ನ ಗೃಹಪ್ರವೇಶಕ್ಕೆ ಬರ್ನಿಲ್ವಲ್ಲ, ಅದೂ ಸುಳ್ಳೇನವ್ವ?'

'ನಿಮ್ಮತ್ತೆ ಮೊಕ ನೋಡಾಕೆ ನಂಗಾಗಕಿಲ್ಲ ಕಣ್ ಬುಡು.'

'ಹೆತ್ತ ಮಗ್ಳ ಮನೆ ಕಣವ್ವಾ! ಒಬ್ಬಟ್ಟು ಎತ್ತಿಟ್ಟು ಕಾಯ್ತಾ ಇದ್ದೆ!'

'ಮನೆ ಎಲ್ಲೂ ಓಡೋಗಕಿಲ್ಲ, ನಾಳಿಕ್ಕೇ ಬತ್ತೀನಿ. ಈಗ ವಸಿ ಸುಮ್ಕಿರು.' ಅತ್ತೆ ಡಾಕ್ಟರ ಕಡೆ ತಿರುಗಿದರು. ದನಿ ಬೇರೆಯಾಗಿತ್ತು. 'ನೋಡವ್ವ, ಸುಳ್ಳೇಳಿದ್ದು ನಾನು. ಗರ್ಭಕೋಶ ಅವಳ್ದು. ನನ್ನ ಸುಳ್ಳಿಗೆ ಅವಳ ಹೊಟ್ಟೆ ಯಾಕೆ ಕುಯ್ದೀರಿ? ಇವಳು ಬಂದಿಲ್ಲ ಅಂದ್ರೆ ಬಂದಿಲ್ಲ. ಬರ್ದಿರಾದ ಒಡೆದಾಕಿ.'

ಡಾಕ್ಟರು ಬರೆದದ್ದನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದರು. ನಗು ತಡೆಯಲು ಮೇಜಿನ ಕೆಳಗೆ ಏನೋ ಹುಡುಕುವ ಹಾಗೆ ಬಗ್ಗಿದ್ದರು. ಅತ್ತೆ ಅವತ್ತು ನನ್ನ ಕೈಹಿಡಿದು ಕೂತಿದ್ದರು, ಅದು ನಿಜ. ಅದು ನನ್ನ ಮೇಲಿನ ಪ್ರೀತಿಯೋ, ಅಥವಾ ಗರ್ಭಕೋಶವೇ ಹೋದರೆ ಮುಂದೆ ಯಾವ ನೆಪ ಹೇಳುವುದು ಎಂಬ ಚಿಂತೆಯೋ ಎಂದು ನಾನು ಕೇಳಲು ಹೋಗಲಿಲ್ಲ. ಎರಡೂ ಇದ್ದರೂ ನನ್ನದೇನೂ ಅಭ್ಯಂತರವಿಲ್ಲ.

ಸ್ಕ್ಯಾನಿಂಗಿನಲ್ಲಿ ಗರ್ಭಕೋಶ ತನ್ನ ಪಾಡಿಗೆ ತಾನು ಚೆನ್ನಾಗಿತ್ತು. ಸ್ಕ್ಯಾನ್ ಮುಗಿದದ್ದೇ ನಾನು ಓಡಿದ ವೇಗ ನೋಡಿ, 'ಏನೂ ಆಗಿಲ್ಲ ಇವಳ್ಗೆ' ಎಂದು ಅತ್ತೆಯೇ ಮೊದಲ ತೀರ್ಪು ಕೊಟ್ಟರಂತೆ. ರಕ್ತದ ರಿಪೋರ್ಟು ಆಮೇಲೆ ಬಂತು. ಥೈರಾಯ್ಡ್. ಕತ್ತಿನಲ್ಲಿ ಚಿಟ್ಟೆಯಾಕಾರದ ಒಂದು ಗ್ರಂಥಿ ಇದೆಯಂತೆ, ಅದು ಕೆಲಸ ಕಡಿಮೆ ಮಾಡಿಬಿಟ್ಟಿದೆಯಂತೆ. ಮುಟ್ಟು ಏರುಪೇರಾದದ್ದು, ಕೂದಲು ಉದುರಿದ್ದು, ಸುಸ್ತು, ತೂಕ, ಎಲ್ಲಕ್ಕೂ ಅದೇ ಕಾರಣವಿರಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಪುಟ್ಟ ಮಾತ್ರೆ, ಅದನ್ನು ನುಂಗಿ ಸ್ವಲ್ಪ ಹೊತ್ತು ಕಾಫಿ ಇಲ್ಲ. ಆಪರೇಷನ್ ಬೇಕಾಗಿಲ್ಲ.

ರೋಗಕ್ಕೆ ಹೆಸರು ಸಿಕ್ಕಿದರೆ ಎಂಥ ಸುಖ ಎಂದು ಅನುಭವಿಸಿದವರಿಗೇ ಗೊತ್ತು. ನಾನು ಆ ಚಿಟ್ಟೆಯ ಮೇಲೆ ಸಕಲ ಅಪವಾದವನ್ನೂ ಹೊರಿಸಿದೆ. ಸಾರಿಗೆ ಉಪ್ಪು ಮರೆತರೆ ಥೈರಾಯ್ಡ್. ಗಂಡನ ಮೇಲೆ ರೇಗಿದರೆ ಥೈರಾಯ್ಡ್. ಬೆಳಿಗ್ಗೆ ಏಳಲಿಲ್ಲವೇ, ಪಾಪ, ಅದೂ ಚಿಟ್ಟೆಯ ಕಾಟ. ನಮ್ಮೆಜಮಾನರು ಹೆದರಿ ತಾವೇ ಹಾಲು ಕರೆದು, ಕಾಫಿ ಮಾಡಿ, 'ಮಾತ್ರೆ ನುಂಗ್ದೇನೇ?' ಎಂದು ವಿಚಾರಿಸತೊಡಗಿದರು. ಗೌರಿಗೆ ಮಾಡುವಷ್ಟೇ ಉಪಚಾರ. ನನಗಿಷ್ಟು ಸಾಕಿತ್ತು. ಸ್ವಲ್ಪ ದಿನಕ್ಕೆ ಮುಟ್ಟೂ ತನ್ನ ದಾರಿ ಹುಡುಕಿಕೊಂಡು ಬಂತು. ಅವತ್ತು ನಾನೇ ಹಿತ್ತಲಲ್ಲಿ ನಿಂತು, 'ಅತ್ತೇ, ನಿಜ್ವಾಗ್ಲೂ ಹೊರಗಾದೆ!' ಎಂದು ಕೂಗಿದೆ. ಆಚೆಮನೆಯವರು ಕಿಟಕಿಯಿಂದ ಬಗ್ಗಿ ನೋಡಿ ಒಳಗೆ ಹೋದರು.

ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಕೊಟ್ಟು, ರಿಪೋರ್ಟು ಹಿಡಿದು ನಾನೂ ಅತ್ತೆಯೂ ಡಾಕ್ಟರ ಮುಂದೆ ಕೂತೆವು. 'ಭೇಷ್, ಎಲ್ಲಾ ನಾರ್ಮಲ್. ಮಾತ್ರೆ ಹಿಂಗೇ ಮುಂದುವರಿಸಿ' ಎಂದರು ಡಾಕ್ಟರು. ಅತ್ತೆ ಕೈಮುಗಿದರು. ನನಗೆ ಮಾತ್ರ ಎದೆ ಧಸಕ್ ಎಂದಿತು.

'ನಾರ್ಮಲ್ಲಾ? ಮತ್ತೆ ಮಧ್ಯಾಹ್ನ ಊಟ ಆದ್ಮೇಲೆ ಬರುತ್ತಲ್ಲ ನಿದ್ದೆ, ಅದು?'

'ಎಷ್ಟು ಮುದ್ದೆ ತಿಂತೀರ?'

'ಒಂದು' ಎಂದೆ.

'ಎರಡು' ಎಂದರು ಅತ್ತೆ. ಈಚೆಗೆ ಅವರಿಗೆ ಡಾಕ್ಟರ ಮುಂದೆ ನಿಜ ಹೇಳುವ ಅಭ್ಯಾಸವಾಗಿಬಿಟ್ಟಿದೆ.

'ಮತ್ತೆ ಸಿಟ್ಟು?' ಎಂದೆ, ಕೊನೆಯ ಆಸೆಯಿಂದ. 'ಬೆಳಿಗ್ಗೆ ಏಳಕ್ಕೆ ಮನಸ್ಸಾಗದೇ ಇರೋದು? ಕೆಲ್ಸ ಕಂಡ್ರೆ ಕೈಕಾಲು ಬೀಳೋದು?'

ಡಾಕ್ಟರು ರಿಪೋರ್ಟನ್ನು ಮಡಿಸಿ ನನ್ನ ಕೈಗಿಟ್ಟರು. 'ಅದು ಥೈರಾಯ್ಡ್ ಅಲ್ಲಮ್ಮ,' ಎಂದರು, 'ಅದು ನೀವು.'

ಇಷ್ಟು ತಿಂಗಳ ಓಡಾಟದಲ್ಲಿ ನಾನು ಒಪ್ಪದೇ ಇರುವ ರಿಪೋರ್ಟು ಇದೊಂದೇ. ಮೈಸೂರಿನಲ್ಲಿ ಇನ್ನೊಬ್ಬ ಡಾಕ್ಟರಿಗೆ ತೋರಿಸೋಣವೆಂದಿದ್ದೇನೆ. ಅತ್ತೆಯನ್ನು ಮಾತ್ರ ಕರೆದುಕೊಂಡು ಹೋಗುವುದಿಲ್ಲ.