ಡ್ರೈಯರ್ ಕೂಗುವವರೆಗೆ

ಮಕ್ಕಳಿಗೆ ಯೋಗ ಹೇಳಿಕೊಡುವವನು ನಗಬಾರದು ಎಂದುಕೊಂಡೇ ಕೂರುತ್ತಾನೆ. ಮಕ್ಕಳು ಬಿಡುವುದಿಲ್ಲ.

ತೊಂಬತ್ತರ ದಶಕದ ಮಧ್ಯದಲ್ಲಿ ನಾನು, ನನ್ನಾಕೆ ಅಮೆರಿಕದ ಗೈದರ್ಸ್‌ಬರ್ಗಿನ ಮಗಳ ಮನೆಯಲ್ಲಿ ಆರು ತಿಂಗಳು ಇದ್ದೆವು. ಮೊಮ್ಮಗಳಿಗೆ ನಾಲ್ಕು ವರ್ಷ. ಅಜ್ಜಿಯ ಸೆರಗು ಬಿಡಳು. ನನ್ನ ಹತ್ತಿರ ಬರಳು. ನಾನು ಕೋಣೆಗೆ ಬಂದರೆ ಅವಳು ಸೋಫಾದ ಹಿಂದೆ.

"ನಿಮ್ಮ ಮುಖ ಕಂಡ್ರೆ ನನಗೇ ಇನ್ನೂ ಭಯ. ಮಗು ಬರುತ್ತಾ? ಅದರ ಹತ್ರ ಎರಡು ಮಾತಾಡಿ" ಅಂದಳು ನನ್ನಾಕೆ.

"ಏನು ಮಾತಾಡಲಿ?"

"ನೋಡಿ, ಇದೇ."

ನನಗೆ ಮಾತು ಬಾರದು. ದಿನಾ ಬೆಳಗ್ಗೆ ಆಸನ ಹಾಕುತ್ತೇನೆ, ಅದೊಂದು ಬರುತ್ತದೆ. ಮಗಳು ಅದನ್ನೇ ಹಿಡಿದಳು. ಅಕ್ಕಪಕ್ಕದ ಕನ್ನಡದ ಮಕ್ಕಳನ್ನು ಪ್ರತಿ ಭಾನುವಾರ ಯೋಗ ಕಲಿಯಲು ಮನೆಯ ನೆಲದಡಿಯ ಬೇಸ್‌ಮೆಂಟಿಗೆ ಕರೆದಳು. ಬೇರೆ ಮಕ್ಕಳನ್ನು ನೋಡಿ ಇವಳೂ ಬಂದಾಳು ಎಂಬ ಆಸೆ. ಊರಿಗೆ ಹೊರಡುವುದರೊಳಗೆ ಒಂದು ಸಲ ಅವಳು ತಾನಾಗಿ ಬಂದು ನನ್ನ ಪಕ್ಕ ಕೂತರೆ ಸಾಕು ಎಂದು ನನಗೂ ಇತ್ತು. ಯಾರಿಗೂ ಹೇಳಲಿಲ್ಲ.

ಅವಳು ಬಂದಳು. ಮೆಟ್ಟಿಲವರೆಗೆ. ಬಟ್ಟೆಯ ಮೊಲವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಳು.

ಕಾಲು ತಗುಲಿದ್ದು

ಬೇಸ್‌ಮೆಂಟು ಚಿಕ್ಕದು, ಮಕ್ಕಳು ಹೆಚ್ಚು. ಕಾಲು ಚಾಚಿ ಮುಂದಕ್ಕೆ ಬಾಗಿ ಅಂದೆ. ಒಬ್ಬನ ಕಾಲು ಪಕ್ಕದ ಹುಡುಗಿಗೆ ತಗುಲಿತು.

ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನಮ್ಮ ಹೆಣ್ಣುಮಕ್ಕಳು ಅಮೆರಿಕಕ್ಕೆ ಬಂದು ಏನೇನೋ ಬಿಟ್ಟಿದ್ದಾರೆ. ಇದನ್ನು ಬಿಟ್ಟಿಲ್ಲ. ಹುಡುಗ ತಿರುಗಿ ಅವಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ತಿರುಗುವಾಗ ಕಾಲು ಹಿಂದಿನವನಿಗೆ ಬಡಿಯಿತು. ಅವನಿಗೂ ಒತ್ತಿಕೊಳ್ಳಲು ಹೋದ. ಹಿಂದಿನವನು ಗಾಬರಿಯಾಗಿ ಸರಿದು ಇನ್ನೊಬ್ಬಳನ್ನು ಒದ್ದ. ಅವನದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಯಾರೂ ಆಸನದಲ್ಲಿಲ್ಲ. ಎಲ್ಲರೂ ಎಲ್ಲರನ್ನೂ ಒದೆಯುತ್ತ, ಎಲ್ಲರಿಗೂ ನಮಸ್ಕಾರ ಮಾಡುತ್ತಿದ್ದರು.

ಕರೆದೊಯ್ಯಲು ಬಂದ ಒಬ್ಬ ತಂದೆ ಮೆಟ್ಟಿಲ ಮೇಲೆ ನಿಂತು ನೋಡಿದ.

"ಸೂಪರ್ ಅಂಕಲ್! ಇದ್ಯಾವ ಆಸನ? ಎಷ್ಟು ಫಾಸ್ಟಾಗಿ ಕಲಿಸಿಬಿಟ್ರಿ!"

"ನಾನಲ್ಲ. ನಿಮ್ಮ ಮನೇಲಿ ಕಲಿಸಿದ್ದು" ಅಂದೆ.

ಮರ

ವೃಕ್ಷಾಸನ. ಒಂಟಿ ಕಾಲು, ಕೈ ಮೇಲೆ.

"ವಾಟ್ ಟ್ರೀ, ತಾತ?" ಅಂತ ಒಬ್ಬ.

"ತೆಂಗು" ಅಂದೆ. ಅಲ್ಲಿದ್ದವರಲ್ಲಿ ತೆಂಗಿನ ಮರ ಕಂಡವರು ಯಾರೂ ಇಲ್ಲ. ಕಿಟಕಿಯಾಚೆ ಇದ್ದದ್ದು ಮೇಪಲ್. ಅಕ್ಟೋಬರ್, ಎಲೆ ಉದುರುವ ತಿಂಗಳು.

"ನಾನು ಮೇಪಲ್!" ಅಂದು ಆ ಹುಡುಗ ಬೆರಳು ಅಲ್ಲಾಡಿಸಿ ಎಲೆ ಉದುರಿಸಿದ. ಎಲ್ಲರೂ ಉದುರಿಸಿದರು. ಒಬ್ಬಳು "ಸ್ಟಾರ್ಮ್ ಬಂತು!" ಎಂದು ಕೂಗಿದ್ದೇ ಕಾಡೆಲ್ಲ ಕಾರ್ಪೆಟ್ಟಿನ ಮೇಲೆ ಬಿದ್ದು ಕಿರುಚಿತು.

ಇಂಥ ಹೊತ್ತಿಗೆ ನನ್ನಲ್ಲಿ ಒಂದೇ ಮಾತು. ಪ್ರತಿ ಸಲ ಅದೇ. "ಬಾಯಿ ಮುಚ್ಚು. ಮೂಗಲ್ಲಿ ಉಸಿರು."

ಬಿದ್ದ ಮರಗಳು ಬಾಯಿ ಮುಚ್ಚಿದವು. ಆಗ ನೋಡಿದೆ. ಮೆಟ್ಟಿಲ ಮೇಲೆ ಒಂದು ಮರ ಬೀಳದೆ ನಿಂತಿತ್ತು. ಮೊಮ್ಮಗಳು. ಒಂಟಿ ಕಾಲಿನಲ್ಲಿ, ಮೊಲವನ್ನು ತಲೆಯ ಮೇಲೆ ಎತ್ತಿ ಹಿಡಿದು. ನನ್ನ ಕಣ್ಣು ಬಿದ್ದದ್ದೇ ಕುಸಿದು ಕೂತಳು.

ನೋಡಬಾರದಿತ್ತು. ಹೆದರಿದ ಮಗುವನ್ನು ನೋಡದಿರುವುದೂ ಒಂದು ಬಗೆಯ ಮಾತೇ ಇರಬಹುದು ಎಂದು ಆಗ ಅನ್ನಿಸಿತು. ಅಂದಿನಿಂದ ಮೆಟ್ಟಿಲಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂರತೊಡಗಿದೆ. ಮಕ್ಕಳು ನನ್ನ ಹಿಂದೆ.

ಅಲ್ಲಿ ತಪ್ಪು ಮಾಡಿದ ಮಗುವನ್ನು ಗೋಡೆಗೆ ಮುಖ ಮಾಡಿ ಕೂರಿಸುತ್ತಾರೆ, ಅದಕ್ಕೆ ಟೈಮ್ಔಟ್ ಎಂದು ಹೆಸರು. ಮುಂದಿನ ವಾರ ಮೇಪಲ್ ಹುಡುಗ ಬಂದು ಮೆಲ್ಲಗೆ ಕೇಳಿದ.

"ತಾತ, ನಮಗೆ ಟೈಮ್ಔಟ್ ಕೊಟ್ಟಿದ್ದಾ? ಅಥವಾ ನಿಮಗೆ ನೀವೇ ಕೊಟ್ಕೊಂಡಿದ್ದಾ?"

ಸಿಂಹ

ಹುಬ್ಬಳ್ಳಿ ಕಡೆಯ ಡಾಕ್ಟರಮ್ಮ ಪಕ್ಕದ ಊರು ರಾಕ್‌ವಿಲ್ಲಿನಿಂದ ಮಗನನ್ನು ಕರೆತರುತ್ತಿದ್ದರು. ಹುಡುಗ ಮನೆಯಲ್ಲಿ ಪುಂಡ, ಹೊರಗೆ ತುಂಬ ಅಂಜುಬುರುಕ. ಅವನಿಗೆ ಸಿಂಹಾಸನ ಹೇಳಿಕೊಟ್ಟೆ. ಮಂಡಿ ನೆಲಕ್ಕೆ, ಕಣ್ಣು ಅಗಲ, ನಾಲಿಗೆ ಗದ್ದಕ್ಕೆ, ಗರ್ಜನೆ. "ಭಯ ಆದಾಗ ಮಾಡು" ಅಂದೆ. ಅಷ್ಟೇ ಅಂದದ್ದು.

ಮುಂದಿನ ಭಾನುವಾರ ಡಾಕ್ಟರಮ್ಮ ಕಾರಿನಿಂದಲೇ ಶುರು ಮಾಡಿದರು.

"ಏನ್ ಕಲಿಸೀರಿ ಸರ ನನ್ನ ಮಗಗ? ಪ್ರಿನ್ಸಿಪಾಲ್ ಕರದು ಮಾತಾಡ್ಸಿದ್ರ, ಅವರ ಮುಂದ ನಾಲಿಗಿ ಚಾಚಿ ಒದರ‍್ಯಾನ! ಆಸ್ಪತ್ರ್ಯಾಗ ಪೇಷಂಟ್ ಬಿಟ್ಟು ಓಡಿ ಹೋದೆ ನಾನು!"

"ಮಂಡಿ ಊರಿದ್ದನೇ?"

"ಊರಿದ್ದನಂತ."

"ನಾಲಿಗೆ ಗದ್ದ ಮುಟ್ಟಿತೇ?"

"ಮುಟ್ಟಿತಂತ್ರಿ. ಯಾಕ?"

"ಹಾಗಾದ್ರೆ ಪಾಸು."

ಅವರು ನನ್ನನ್ನೇ ನೋಡಿದರು. ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದು, ಆಮೇಲೆ ಕೇಳಿದರು. "ದೊಡ್ಡವರಿಗೂ ಕಲಿಸ್ತೀರೇನ್ರಿ? ನನಗೂ ಒಬ್ಬ ಬಾಸ್ ಅದಾನ."

ಡ್ರೈಯರ್

ಮಗಳ ಮನೆಯ ಬಟ್ಟೆ ಒಣಗಿಸುವ ಯಂತ್ರ ಬೇಸ್‌ಮೆಂಟಿನಲ್ಲೇ ಇತ್ತು. ಭಾನುವಾರ ಅವಳು ಬಟ್ಟೆ ತುಂಬಿ ಗುಂಡಿ ಒತ್ತಿ ಹೋಗುತ್ತಿದ್ದಳು. ಬಟ್ಟೆ ಒಣಗಿದಾಗ ಅದು ಜೋರಾಗಿ ಕೂಗುತ್ತಿತ್ತು. ಕೊನೆಯ ಶವಾಸನಕ್ಕೆ ನನಗೆ ಬೇರೆ ಗಂಟೆ ಬೇಕಾಗಿರಲಿಲ್ಲ. "ಡ್ರೈಯರ್ ಕೂಗುವವರೆಗೆ ಯಾರೂ ಏಳಬಾರದು" ಎಂದು ನಿಯಮ ಮಾಡಿದ್ದೆ. ಮಕ್ಕಳು ಅದೊಂದನ್ನು ತಪ್ಪದೆ ಪಾಲಿಸುತ್ತಿದ್ದರು.

ನಾವು ಹೊರಡುವ ವಾರ ಬಂತು. ಕೊನೆಯ ಭಾನುವಾರ. ಮೊಮ್ಮಗಳು ಇನ್ನೂ ಮೆಟ್ಟಿಲ ಮೇಲೆಯೇ. ಆಯಿತು, ಬಿಡು ಅಂದುಕೊಂಡೆ. ಮಕ್ಕಳನ್ನು ಮಲಗಿಸಿ ನಾನೂ ಮಲಗಿದೆ.

ಸೂಟ್‌ಕೇಸಿಗೆ ತುಂಬಬೇಕೆಂದು ಮಗಳು ಹಿಂದಿನ ದಿನವೇ ಬಟ್ಟೆ ಒಗೆದು ಒಣಗಿಸಿದ್ದಳು. ಅಂದು ಡ್ರೈಯರ್ ಓಡುತ್ತಿರಲಿಲ್ಲ. ನನಗೆ ನೆನಪಾಗಲಿಲ್ಲ. ನಿದ್ದೆ ಹತ್ತಿತು.

ಮುಂದಿನದು ನನಗೆ ಗೊತ್ತಾದದ್ದು ಅಳಿಯನ ಕ್ಯಾಮ್‌ಕಾರ್ಡರಿನಿಂದ. ಕೊನೆಯ ಕ್ಲಾಸು ಎಂದು ಅವನು ಮೆಟ್ಟಿಲ ಮೇಲಿಂದ ವಿಡಿಯೊ ಹಿಡಿಯುತ್ತಿದ್ದ.

ಮಕ್ಕಳು ಸಾಲಾಗಿ ಅಲುಗಾಡದೆ ಬಿದ್ದಿದ್ದಾರೆ. ನನ್ನ ಗೊರಕೆ. ಕರೆದೊಯ್ಯಲು ಬಂದ ತಂದೆತಾಯಿ ಒಬ್ಬೊಬ್ಬರಾಗಿ ಇಣುಕುತ್ತಾರೆ.

"ಅಪ್ಪನ್ನ ಎಬ್ಬಿಸ್ಲಾ?" ಮಗಳ ಪಿಸುಮಾತು.

"ಬ್ಯಾಡ್ರೀ! ನನ್ನ ಮಗ ಎಚ್ಚರ ಇದ್ದು ಸುಮ್ಮನಿದ್ದದ್ದು ಹುಟ್ಟಿದಾಗಿಂದ ಇದ ಫಸ್ಟ್" ಅನ್ನುತ್ತಾರೆ ಡಾಕ್ಟರಮ್ಮ. "ಕಾಫಿ ಇದ್ರ ಕೊಡ್ರಿ. ಆರಾಮಾಗಿ ಕುಡಿಯೋಣು."

ಎಲ್ಲರೂ ಮೇಲೆ ಹೋಗುತ್ತಾರೆ. ಉಪ್ಪಿಟ್ಟಿನ ತಟ್ಟೆಗಳ ಸದ್ದು. ಕೆಳಗೆ ಮೇಪಲ್ ಹುಡುಗ ಕಣ್ಣು ಮುಚ್ಚಿಕೊಂಡೇ ಗೋಳಾಡುತ್ತಾನೆ. "ಡ್ರೈಯರ್, ಪ್ಲೀಸ್!"

ಆಗ ಮೊಮ್ಮಗಳು ಮೆಟ್ಟಿಲಿಳಿಯುತ್ತಾಳೆ. ಮಲಗಿದವರ ನಡುವೆ ಯಾರಿಗೂ ಕಾಲು ತಗುಲದಂತೆ ನಡೆದು ನನ್ನ ಹತ್ತಿರ ಬರುತ್ತಾಳೆ. ತೆರೆದ ಬಾಯನ್ನು ಬಗ್ಗಿ ನೋಡುತ್ತಾಳೆ. ಪುಟ್ಟ ಕೈಯಿಂದ ನನ್ನ ಗದ್ದ ಎತ್ತಿ ಮುಚ್ಚುತ್ತಾಳೆ. ಹುಬ್ಬು ಗಂಟಿಕ್ಕಿ, ನನ್ನದೇ ಒರಟು ದನಿಯಲ್ಲಿ ಹೇಳುತ್ತಾಳೆ.

"ತಾತ! ಬಾಯಿ ಮುಚ್ಚು. ಮೂಗಲ್ಲಿ ಉಸಿರು."

ಆ ದನಿಗೆ ನನಗೆ ಎಚ್ಚರವಾಯಿತು. ಕಣ್ಣು ಬಿಡಲಿಲ್ಲ. ನೋಡಿದರೆ ಓಡಿಹೋಗುತ್ತಾಳೆ. ಬಾಯಿ ಮುಚ್ಚಿ ಮೂಗಲ್ಲಿ ಉಸಿರಾಡಿದೆ. ಅವಳು ಮೊಲವನ್ನು ನನ್ನ ಹೊಟ್ಟೆಯ ಮೇಲಿಟ್ಟು ಪಕ್ಕದಲ್ಲೇ ಮಲಗಿದಳು. ತಲೆ ನನ್ನ ತೋಳಿನ ಮೇಲೆ.

ಗೊರಕೆ ನಿಂತದ್ದೇ ಮಕ್ಕಳಿಗೆ ತಾತನಿಗೆ ಎಚ್ಚರವಾದದ್ದು ತಿಳಿದುಹೋಯಿತು.

"ತಾತ, ನಾವು ಏಳಬಹುದಾ?"

ನಾನು ಬಾಯಿ ತೆರೆಯುವ ಮೊದಲೇ ತೋಳಿನ ಮೇಲಿಂದ ಉತ್ತರ ಬಂತು.

"ನೋ! ಡ್ರೈಯರ್ ಕೂಗಿಲ್ಲ."