ಗಿರಣಿಯ ಕರೆಂಟು, ಸುಯಮೀಂದ್ರನ ಇಸಿಜಿ

ಡಾಕ್ಟರ್ ಫರ್ಜಾನಾ ಸಹಿ ಹಾಕಲು ಹೊರಟಾಗಲೇ ಸುಯಮೀಂದ್ರ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಶಿಗ್ಗಾಂವಿಯ ಕಾಲೇಜೊಂದರ ಲ್ಯಾಬಿನಲ್ಲಿ ಆರು ವರ್ಷ ಹಂಗಾಮಿ ಮಾಸ್ತರನಾಗಿದ್ದವನಿಗೆ ಅಂತೂ ಕಾಯಂ ನೌಕರಿ ಬಂದಿತ್ತು. ಸಂಜೆ ಐದರೊಳಗೆ ಆರೋಗ್ಯದ ಸರ್ಟಿಫಿಕೇಟು ಕೊಡಬೇಕು, ಇಲ್ಲವಾದರೆ ಆ ಜಾಗ ಬೇರೆಯವರಿಗೆ. ಸವಣೂರಿನ ಈ ದವಾಖಾನೆಯಲ್ಲಿ ತೆಗೆಸಿದ ಇಸಿಜಿಯೋ, ಮುರುಕು ಗರಗಸದ ಹಲ್ಲಿನಂತಿತ್ತು.

“ಬಾಜೂ ಗಿರಣಿಗೆ ಹೊಸಾ ಡ್ರೈವ್ ಕುಂದ್ರಿಸಿದಾಗಿಂದ ಎಲ್ಲಾರದೂ ಹಿಂಗ ಬರಾಕತ್ತೇತ್ರಿ. ನೀವು ಗಟ್ಟಿ ಕಾಣ್ತೀರಿ, ಸಹಿ ಮಾಡಿ ಕೊಡ್ತೇನಿ,” ಎಂದರು ಡಾಕ್ಟರು.

“ಬ್ಯಾಡ್ರಿ ಮೇಡಂ! ಇದು ನಾ ಕಲಿಸೋ ವಿಷಯ. ಮೋಟರಿನ ವೇಗ ಹೆಚ್ಚುಕಡಿಮಿ ಮಾಡೋ ಆ ಡ್ರೈವ್, ಕರೆಂಟಿನ ಹೊಲಸೆಲ್ಲಾ ವಾಯರಿನಾಗ ತಿರುಗಿ ಉಗಳ್ತದ. ಅಳತಿ ಮಾಡಿ, ಅದನ್ನ ತಡದು, ಸ್ವಚ್ಛ ಗೆರಿ ತಗೊಂಡ ಹೋಗ್ತೇನಿ.”

ಶಿಗ್ಗಾಂವಿಗೆ ಹೋಗಿ, ವಾಯರಿನ ಗದ್ದಲ ಅಳೆಯುವ ಕಾಲೇಜಿನ ಅಳತೆಪೆಟ್ಟಿಗೆ ತಂದು, ಗಿರಣಿಯ ಡ್ರೈವಿಗೂ ಮೇನ್ ಲೈನಿಗೂ ನಡುವೆ ಜೋಡಿಸಿ ಸ್ವಿಚ್ ಒತ್ತಿದ. ಟಪ್! ಗಿರಣಿಯೇ ಬಂದಾಯಿತು. ಆ ಪೆಟ್ಟಿಗೆ ಅರ್ಥಿಂಗಿಗೆ ಒಂದಿಷ್ಟು ಕರೆಂಟು ಬಿಡುವುದು ಸಹಜ. ಗಿರಣಿಯ ಸುರಕ್ಷತಾ ಸ್ವಿಚ್ಚು ಮಾತ್ರ ಯಾರಿಗೋ ಶಾಕ್ ಹೊಡೆಯಿತೆಂದು ತಿಳಿದು ಬಿದ್ದುಬಿಡುತ್ತಿತ್ತು. ಮೂರು ಸಲ ಎತ್ತಿದರೆ ಮೂರು ಸಲವೂ ಬಿತ್ತು.

ಜೋಳದ ಬುಟ್ಟಿಯೊಂದಿಗೆ ನಿಂತಿದ್ದ ಚೌಡವ್ವ ಕಿಡಿಕಿಡಿಯಾದಳು. “ಮಾಸ್ತರ, ನಿನ್ನ ಡಬ್ಬಿ ಏನ ಅಳಿತೈತೋ ಯಪ್ಪಾ, ನಮ್ಮ ಹಸಿವ್ಯಾ?”

“ಇವತ್ತು ಗಿರಾಕಿ ಹೋದ್ರ ನಾಳೆ ಬರಂಗಿಲ್ರಿ ಸರ,” ಎಂದು ಗಿರಣಿಯ ಮುಬಶೀರ ಹಣೆ ಹಣೆ ಬಡಿದುಕೊಂಡ.

ಸುಯಮೀಂದ್ರ ಮತ್ತೆ ಶಿಗ್ಗಾಂವಿಗೆ ಓಡಿದ. ಆ ಸೋರಿಕೆ ಸುರಕ್ಷತಾ ಸ್ವಿಚ್ಚಿಗೆ ತಾಗದಂತೆ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರನ್ನು, ಎಮ್ಮೆಗರುವನ್ನು ಕೂರಿಸಿಕೊಂಡಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದ. ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿದ.

ಈ ಸಲ ಗಿರಣಿ ನಿಲ್ಲಲಿಲ್ಲ. ಪೆಟ್ಟಿಗೆಯ ಪರದೆಯ ಮೇಲೆ ವಾಯರಿನ ಗದ್ದಲವೆಲ್ಲ ಸಿಟ್ಟಿಗೆದ್ದ ಮುಳ್ಳುಹಂದಿಯಂತೆ ಎದ್ದು ನಿಂತಿತು. ಜೊತೆಗೆ ತಂದಿದ್ದ, ಆ ಹೊಲಸು ತಡೆಯುವ ಫಿಲ್ಟರನ್ನು ಡ್ರೈವಿನ ಬಾಯಿಗೆ ಕೂರಿಸಿ, ಸಡಿಲಾಗಿದ್ದ ಅರ್ಥಿಂಗ್ ಬಿಗಿದ. ಮುಳ್ಳುಗಳು ಒಂದೊಂದಾಗಿ ಮಲಗಿದವು. ಮುಬಶೀರ ಅವನನ್ನು ಅಪ್ಪಿಕೊಂಡ.

ನಾಲ್ಕೂ ಕಾಲು. ಮೈಯೆಲ್ಲ ಹಿಟ್ಟಾಗಿದ್ದ ಸುಯಮೀಂದ್ರ ಗೆದ್ದವನಂತೆ ದವಾಖಾನೆಯ ಮಂಚದ ಮೇಲೆ ಮಲಗಿದ. ಡಾಕ್ಟರು ಕಾಗದ ನೋಡಿದರು. ಇನ್ನೊಮ್ಮೆ ಇಸಿಜಿ ತೆಗೆದರು.

“ಗದ್ದಲ ಪೂರಾ ಹೋಗೇತ್ರಿ,” ಎಂದರು ಮೆಲ್ಲಗೆ.

“ನಾ ಹೇಳಿದ್ನಲ್ರಿ! ಸಹಿ ಮಾಡ್ರಿ ಮತ್ತ.”

“ಈಗ ನಿಮ್ಮ ಹೃದಯ ಸ್ವಚ್ಛ ಕಾಣಾಕತ್ತೇತ್ರಿ. ನಡುನಡುವ ಬಡಿತ ತಪ್ಪತೇತಿ. ಹುಬ್ಬಳ್ಳಿಗೆ ತೋರ್ಸೋತನಕ ಸಹಿ ಹಾಕಾಕ ಬರಂಗಿಲ್ಲ.”

“ಮುಂಜಾನೆ ಹಾಕ್ತಿದ್ರೆಲ್ರಿ!”

“ಮುಂಜಾನೆ ಕಂಡಿರಲಿಲ್ಲಲ್ರಿ.”

ಸುಯಮೀಂದ್ರ ಎದೆಗಂಟಿದ ವಾಯರುಗಳ ಸಮೇತ ಎದ್ದು ಕಿಟಕಿಗೆ ಬಂದ. “ಮುಬಶೀರಣ್ಣಾ, ಆ ಫಿಲ್ಟರ್ ಒಂದೈದು ಮಿನಿಟ್ ಬಿಚ್ಚತೀಯೇನು?”

“ಛೆ, ಬ್ಯಾಡ್ರಿ ಸರ!” ಎಂದು ಅವನು ಹಿಗ್ಗಿನಿಂದ ಕೂಗಿದ. “ಭಾಳ ಚಲೋ ಕೆಲಸಾ ಮಾಡೀರಿ, ಹಂಗ ಇರ್ಲಿ!”