ಪಾಯಿಂಟುಗಳು ಬಾಡಿಗೆಗೆ ಇವೆ

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋಗಿ, ಮನೆ ಮತ್ತೆ ಮನೆಯಂತೆ ಕಂಡ ಮೊದಲ ಬೆಳಿಗ್ಗೆ. ಸೋಫಾದ ಮೇಲೆ ಅವಳು ಕೂರುವಷ್ಟು ಜಾಗವಿತ್ತು. 'ಸ್ವಲ್ಪ ಏನಾದ್ರೂ ತಿನ್ನು' ಎನ್ನುವವರು ಯಾರೂ ಇರಲಿಲ್ಲವಾದ್ದರಿಂದ ಅವಳಿಗೆ ಹಸಿವಾಯಿತು. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ ಫೋನು ಬಂತು.

ಸಂತಾಪದ ಫೋನುಗಳಿಗೆಂದು ಅವಳು ಒಂದು ವಾಕ್ಯವನ್ನು ಸಿದ್ಧ ಮಾಡಿಟ್ಟುಕೊಂಡಿದ್ದಳು. ಅದನ್ನು ಹೇಳಿದಳು. ಆ ಕಡೆಯ ಹುಡುಗಿ ಸಕ್ಕರೆ ಪಾಕದಂಥ ದನಿಯಲ್ಲಿ, ತಾನು ಹಾಲಿಡೇ ಕ್ಲಬ್ಬಿನವಳು, ಸರ್ ಅವರ ವಾರ್ಷಿಕ ನಿರ್ವಹಣಾ ಶುಲ್ಕ ಕಟ್ಟಲು ಇವತ್ತೇ ಕೊನೆಯ ದಿನ, ಕಟ್ಟದಿದ್ದರೆ ಖಾತೆಯಲ್ಲಿರುವ ಪಾಯಿಂಟುಗಳೆಲ್ಲ ರದ್ದಾಗಿ ಮೇಲೆ ದಂಡವೂ ಬೀಳುತ್ತದೆ ಎಂದಳು. ಸರ್ ತೀರಿಕೊಂಡರು ಎಂದು ಇವಳು ಹೇಳಿದಳು. ಹುಡುಗಿ ಒಂದು ಕ್ಷಣ ಸುಮ್ಮನಾದಳು. ಆ ಮೌನವನ್ನೂ ತರಬೇತಿಯಲ್ಲಿ ಹೇಳಿಕೊಟ್ಟಿರಬೇಕು.

"ತುಂಬಾ ಬೇಜಾರಾಯ್ತು ಮೇಡಂ. ಆದ್ರೆ ನೀವು ಜಂಟಿ ಸದಸ್ಯರಲ್ವಾ, ಹಾಗಾಗಿ ಏನೂ ತೊಂದರೆ ಇಲ್ಲ. ನೀವೇ ಕಟ್ಟಬಹುದು."

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕ್ಲಬ್ಬಿನ ಸದಸ್ಯತ್ವವೂ ಅದೇ ಜಾತಿಯದು ಎಂದು ಅವಳಿಗೆ ಆಗ ತಿಳಿಯಿತು.

ಮದುವೆಯಾದ ಹೊಸತರಲ್ಲಿ ಗಂಡ ಮಾಲಿನಲ್ಲಿ ಚೀಟಿಯೊಂದನ್ನು ತುಂಬಿ ಡಬ್ಬಕ್ಕೆ ಹಾಕಿ ಒಂದು ಊಟ ಗೆದ್ದಿದ್ದ. ಊಟದ ಜೊತೆಗೆ ಭಾಷಣವೂ ಇತ್ತು. ಭಾಷಣ ಮುಗಿಯುವ ಹೊತ್ತಿಗೆ ಇಬ್ಬರೂ ಕಾಲು ಶತಮಾನದ ರಜೆಗಳಿಗೆ ಸಹಿ ಹಾಕಿದ್ದರು. ವರ್ಷಕ್ಕೆ ಇಷ್ಟು ಪಾಯಿಂಟು ಎಂದು ಖಾತೆಗೆ ಬರುತ್ತದೆ. ಪಾಯಿಂಟು ಕೊಟ್ಟರೆ ಕ್ಲಬ್ಬಿನ ರೆಸಾರ್ಟಿನಲ್ಲಿ ಕೋಣೆ. ಹೋಗಲಿ ಬಿಡಲಿ, ಅಲ್ಲಿನ ಗೋಡೆಗೆ ಬಣ್ಣ ಬಳಿಯಲು, ಹುಲ್ಲು ಕತ್ತರಿಸಲು, ಈಜುಕೊಳ ತೊಳೆಯಲು ಶುಲ್ಕ ಕಟ್ಟುತ್ತಲೇ ಇರಬೇಕು. ಅವರು ಒಮ್ಮೆಯೂ ಹೋಗಲಿಲ್ಲ. ಗಂಡ ಲಿಫ್ಟ್ ಕಂಪನಿಯ ತಪಾಸಣೆಗಾರ. ಊರಿಗೆಲ್ಲ ರಜೆ ಬಂದಾಗಲೇ ಲಿಫ್ಟುಗಳು ಕೆಡುತ್ತಿದ್ದವು. ಮುಂದಿನ ವರ್ಷ ಖಂಡಿತ ಎನ್ನುತ್ತಿದ್ದ. ತಾವು ಕಾಲ್ಬೆರಳನ್ನೂ ಅದ್ದದ ಕೊಳವನ್ನು ತೊಳೆಸಲು ಗಂಡ ಹೆಂಡತಿ ಇಷ್ಟು ವರ್ಷ ದುಡಿದಿದ್ದರು.

ಗಂಡ ಸತ್ತಾಗ ಅವಳಿಗೆ ಅಳು ಬಂದಿರಲಿಲ್ಲ. ಈಗ ಸಿಟ್ಟು ಬಂತು.

ಕಾಲೇಜಿನಲ್ಲಿ ಅವಳದು ಅರೆಕಾಲಿಕ ಉಪನ್ಯಾಸಕಿಯ ಕೆಲಸ. ಆ ಸಂಬಳದಲ್ಲಿ ಮನೆ ಬಾಡಿಗೆ ತೂಗುತ್ತಿತ್ತು, ಈಜುಕೊಳ ತೂಗುತ್ತಿರಲಿಲ್ಲ. ಶುಲ್ಕ ಕಟ್ಟಿದರೆ ಬಾಡಿಗೆಗೆ ಖೋತಾ. ಅದೂ ಅಲ್ಲದೆ ಸಂಜೆ ಅಣ್ಣ ಬರುವವನಿದ್ದ. ಒಬ್ಬಳ ಕೈಯಲ್ಲಿ ಖರ್ಚು ನಿಭಾಯಿಸಲು ಆಗುವುದಿಲ್ಲ, ಕೀಲಿಯನ್ನು ಮನೆಯ ಮಾಲೀಕರಿಗೆ ಒಪ್ಪಿಸಿ ತನ್ನ ಮನೆಗೆ ಬಂದುಬಿಡಬೇಕು ಎಂದು ಅವನು ತೀರ್ಮಾನಿಸಿದ್ದ. ಅತ್ತಿಗೆ ಆಗಲೇ ಬಾಲ್ಕನಿಗೆ ಗಾಜು ಹಾಕಿಸಿ ಅದನ್ನು ಕೋಣೆ ಎಂದು ಕರೆಯತೊಡಗಿದ್ದಳು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಕೆಲಸದಿಂದ ಬಿಡಿಸಿಯೂ ಆಗಿತ್ತು. ತಾನು ನಿಭಾಯಿಸಬಲ್ಲೆ ಎಂದು ಸಂಜೆಯೊಳಗೆ ತೋರಿಸದಿದ್ದರೆ ಈ ಮನೆ ಕೈಬಿಟ್ಟಂತೆಯೇ.

ಸದಸ್ಯತ್ವ ಬಿಡುವುದು ಹೇಗೆ ಎಂದು ಕೇಳಿದಳು. ಬಿಡಬೇಕಾದರೆ ಉಳಿದ ಅಷ್ಟೂ ವರ್ಷಗಳ ಶುಲ್ಕವನ್ನು ಒಟ್ಟಿಗೆ ಕಟ್ಟಬೇಕು ಎಂದ ಹುಡುಗಿ, ಆಮೇಲೆ ದನಿ ತಗ್ಗಿಸಿದಳು. ಖಾತೆಯಲ್ಲಿ ಸಮುದ್ರದ ಎದುರಿನ ದೊಡ್ಡ ಕೋಣೆ ಒಂದು ವಾರಕ್ಕೆ ಸಿಗುವಷ್ಟು ಪಾಯಿಂಟುಗಳಿವೆ. ಅತಿಥಿಯ ಹೆಸರಿನಲ್ಲಿ ಬುಕ್ ಮಾಡಲು ಅವಕಾಶವಿದೆ. "ಎಷ್ಟೋ ಜನ ಬಾಡಿಗೆಗೆ ಕೊಟ್ಟು ಶುಲ್ಕ ಹುಟ್ಟಿಸ್ಕೋತಾರೆ ಮೇಡಂ. ನಾನು ಹೇಳ್ದೆ ಅನ್ಬೇಡಿ."

ಕೆಳಮನೆಯ ನಿವೃತ್ತ ಮೇಷ್ಟರನ್ನು ಕೇಳಿದ್ದು ಅವಳ ತಪ್ಪು. ಕಟ್ಟಡದವರು ಅವರನ್ನು 'ಸರ್ಕ್ಯುಲರ್' ಎಂದೇ ಕರೆಯುತ್ತಿದ್ದರು. ನಲ್ಲಿ ಸೋರಿದರೂ ಸುತ್ತೋಲೆ, ಬೆಕ್ಕು ಬಂದರೂ ಸುತ್ತೋಲೆ. ಯಾರಾದರೂ ರಜೆಗೆ ಹೊರಟಿದ್ದಾರೆಯೇ ಎಂದು ಅವಳು ಕೇಳಿ ಮುಗಿಸುವಷ್ಟರಲ್ಲಿ ಅವರ ಕೈ ಕನ್ನಡಕದ ಕಡೆಗೆ ಹೋಗಿತ್ತು. ಅವಳು ಮೂರನೇ ಮಹಡಿ ತಲುಪುವ ಮೊದಲೇ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಬಂತು: 'ಮೂರನೇ ಮಹಡಿಯಲ್ಲಿ ಸಂಭವಿಸಿದ ದುಃಖದ ಹಿನ್ನೆಲೆಯಲ್ಲಿ, ಸಮುದ್ರದ ಕಡೆ ಮುಖವಿರುವ ಕೋಣೆ ಒಂದು ವಾರಕ್ಕೆ ಬಾಡಿಗೆಗೆ ಲಭ್ಯ. ಮೃತರು ಇದನ್ನು ಬಳಸಿರುವುದಿಲ್ಲ.'

ಬಾಗಿಲ ಬಡಿತ ಶುರುವಾಯಿತು. ಮೇಲ್ಮನೆಯಾಕೆ ಅವಳನ್ನು ತಬ್ಬಿಕೊಂಡು ಅತ್ತು, ಮೂಗೊರೆಸಿಕೊಂಡು, ಬೆಳಗಿನ ತಿಂಡಿ ಅದರಲ್ಲೇ ಸೇರಿದೆಯೇ ಎಂದು ಕೇಳಿದಳು. ಇನ್ನೊಬ್ಬರು ನಾಯಿಯನ್ನು ಬಿಡುತ್ತಾರೆಯೇ ಎಂದರು. ಮತ್ತೊಬ್ಬರಿಗೆ ಸಮುದ್ರವೇ ಬೇಕಿರಲಿಲ್ಲ. ಅವಳು ಮನೆ ಖಾಲಿ ಮಾಡುತ್ತಾಳಂತೆ ಎಂದು ತಿಳಿದು, ಅಡುಗೆಮನೆಯ ಅಳತೆಗೆ ಟೇಪು ಹಿಡಿದೇ ಬಂದಿದ್ದರು.

ಎದುರುಮನೆಯ ಹಲ್ಲಿನ ಡಾಕ್ಟರು ಮಾತ್ರ ನಿಜವಾದ ಗಿರಾಕಿ. ಅವರು ಕ್ಲಬ್ಬಿನ ಪುಸ್ತಿಕೆಯಲ್ಲಿದ್ದ ಕೋಣೆಯ ಚಿತ್ರಗಳನ್ನು ಎಕ್ಸ್‌ರೇ ನೋಡುವಂತೆ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ತೀರಿಕೊಂಡವರ ಹೆಸರಿಂದು ನೋಡಿ. ನಮ್ಮ ಮನೆಯವಳು ಹಿಂದೆಮುಂದೆ ನೋಡ್ತಾಳೆ. ಅರ್ಧಕ್ಕೆ ಕೊಟ್ರೆ ಹೇಗೋ ಒಪ್ಪಿಸ್ತೀನಿ."

ಅವಳು ಹಲವು ದಿನಗಳಿಂದ ಆ ಸಿದ್ಧವಾಕ್ಯವೊಂದನ್ನು ಬಿಟ್ಟು ಸರಿಯಾಗಿ ಮಾತೇ ಆಡಿರಲಿಲ್ಲ. ಈಗ ಆಡಿದಳು. "ನೀವು ಹಲ್ಲು ಕೀಳುವಾಗ ಅರ್ಧ ಕಿತ್ತು ಅರ್ಧ ಬಿಡ್ತೀರಾ ಡಾಕ್ಟ್ರೇ?"

ಡಾಕ್ಟರು ಪೂರ್ತಿ ಕೊಡಲು ಒಪ್ಪಿದರು.

ಒಪ್ಪಿದ ಮೇಲೆ ನಿಜವಾದ ತಾಪತ್ರಯ ಶುರುವಾಯಿತು. ಬುಕಿಂಗ್ ಆಗದೆ ಡಾಕ್ಟರು ದುಡ್ಡು ಬಿಚ್ಚುವುದಿಲ್ಲ. ಶುಲ್ಕ ಬಾರದೆ ಕ್ಲಬ್ಬು ಬುಕಿಂಗ್ ಮಾಡುವುದಿಲ್ಲ. ಮೇಷ್ಟರು ನಡುವೆ ನಿಂತು, ಡಾಕ್ಟರು ನೇರವಾಗಿ ಕ್ಲಬ್ಬಿಗೇ ಕಟ್ಟಲಿ ಎಂದು ತೀರ್ಪು ಕೊಟ್ಟರು. ಕಟ್ಟಿದ್ದಾಯಿತು. ಆದರೆ ಬುಕಿಂಗಿನ ಗುಪ್ತ ಸಂಖ್ಯೆ ಗಂಡನ ಫೋನಿಗೆ ಹೋಯಿತು. ಆ ನಂಬರನ್ನು ಅಣ್ಣ ಹಿಂದಿನ ದಿನವೇ, ಖರ್ಚು ಉಳಿಯಲಿ ಎಂದು, ರದ್ದು ಮಾಡಿಸಿದ್ದ. ನಂಬರು ಬದಲಾಯಿಸಬೇಕಾದರೆ ಮೊದಲ ಸದಸ್ಯರೇ ಮಾತಾಡಿ ಒಪ್ಪಿಗೆ ಕೊಡಬೇಕು ಎಂದಳು ಹುಡುಗಿ.

"ಅವರು ದೊಡ್ಡ ರಜೆಯಲ್ಲಿದ್ದಾರಮ್ಮ," ಎಂದರು ಮೇಷ್ಟರು. "ನಿಮ್ಮ ಕ್ಲಬ್ಬಿನದಲ್ಲ."

ಹುಡುಗಿ ನಿಯಮವನ್ನು ಮತ್ತೆ ಮೊದಲಿನಿಂದ ಓದತೊಡಗಿದಳು. ಡಾಕ್ಟರು ದುಡ್ಡು ವಾಪಸು ಕೇಳತೊಡಗಿದರು. ಟೇಪು ಹಿಡಿದವರು ಇನ್ನೂ ಅಡುಗೆಮನೆಯಲ್ಲೇ ಇದ್ದರು. ಅಟ್ಟದಿಂದ ಬಿದ್ದವನಿಗೆ ದಡಿಗೆಯಿಂದ ಬಾರಿಸಿದರಂತೆ ಎಂಬ ಮಾತಿನ ಅರ್ಥ ಅವಳಿಗೆ ಎಂ.ಎ. ಓದಿದಾಗಲೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ಅವಳು ಮೇಷ್ಟರ ಕೈಯಿಂದ ಫೋನು ತೆಗೆದುಕೊಂಡಳು. ದನಿ ಏರಿಸಲಿಲ್ಲ. "ಮಾಲಿನಲ್ಲಿ ನಿಮ್ಮ ಚೀಟಿ ಡಬ್ಬ ಇದೆಯಲ್ಲ, ನಾಳೆಯಿಂದ ನಾನು ಅದರ ಪಕ್ಕ ನಿಂತ್ಕೋತೀನಿ. ಯಾರೇ ಬಂದು ಚೀಟಿ ತುಂಬಿದ್ರೂ ಇವತ್ತಿನ ಕತೆ ಹೇಳ್ತೀನಿ. ನಂಗೆ ಬೇರೆ ಕೆಲಸ ಇಲ್ಲ. ಗಂಡ ಸತ್ತಿದ್ದಾರೆ."

ಕಾಫಿ ಆರುವಷ್ಟರಲ್ಲಿ ನಂಬರು ಬದಲಾಯಿತು. ಕೋಣೆಯೂ ಡಾಕ್ಟರ ಹೆಸರಿಗಾಯಿತು. ಶುಲ್ಕಕ್ಕೂ ಡಾಕ್ಟರು ಕೊಟ್ಟ ಬಾಡಿಗೆಗೂ ಸರಿಯಾಗಿ ಹೊಂದಿ, ಅವಳ ಕೈಯಿಂದ ಏನೂ ಬಿಚ್ಚಬೇಕಾಗಲಿಲ್ಲ. ಅವಳು ಟೇಪಿನವರನ್ನು ಬಾಗಿಲವರೆಗೆ ಕಳಿಸಿಕೊಟ್ಟು, ಬೆಳಗಿನ ಬ್ರೆಡ್ಡನ್ನು ಸಂಜೆ ನಿಂತುಕೊಂಡೇ ತಿಂದಳು. ಇನ್ನು ಅಣ್ಣ ಬರಲಿ ಎನ್ನಿಸಿತು.

ಅಣ್ಣನಿಗಿಂತ ಮೊದಲು ಬಂದವನು ಗಂಡನ ಸಹೋದ್ಯೋಗಿ. ಲಿಫ್ಟ್ ಕಂಪನಿಯವನಾಗಿಯೂ ಮೆಟ್ಟಿಲು ಹತ್ತಿ ಬಂದಿದ್ದ. ಆದಷ್ಟು ತಡವಾಗಿ ತಲುಪಬೇಕು ಎಂದಿರಬೇಕು. ಮೇಷ್ಟರ ಪ್ರಕಟಣೆ ಅವರಿವರ ಫೋನು ದಾಟಿ ಅವನವರೆಗೂ ಹೋಗಿತ್ತು. ಸತ್ತವನ ಒಳ್ಳೆಯತನವನ್ನು ಹೊಗಳಿದ. ಸೆಖೆಯ ಬಗ್ಗೆ ಮಾತಾಡಿದ. ಕುರ್ಚಿಯ ಕಾಲನ್ನು ಪರೀಕ್ಷಿಸಿದ.

"ಹೇಳೋಕೆ ನಾಲಿಗೆ ಏಳ್ತಾ ಇಲ್ಲ," ಎಂದ ಕೊನೆಗೆ. "ಆ ಪಾಯಿಂಟ್ಸು ನಂದು."

ಅವನೂ ಅದೇ ಊಟ ಉಂಡು ಅದೇ ಭಾಷಣ ಕೇಳಿದವನು. ಸದಸ್ಯರು ತಮ್ಮೊಳಗೆ ಪಾಯಿಂಟು ವರ್ಗಾಯಿಸಿಕೊಳ್ಳಬಹುದಿತ್ತು. ಹೋದ ತಿಂಗಳು ಗಂಡ ಅವನ ಇಡೀ ವರ್ಷದ ಪಾಯಿಂಟುಗಳನ್ನು ಕಡ ತೆಗೆದುಕೊಂಡಿದ್ದ. ತನ್ನವು ಮುಗಿದುಹೋಗಿವೆ, ಹೊಸವು ಬಂದ ಕೂಡಲೇ ವಾಪಸು ಕೊಡುತ್ತೇನೆ ಎಂದಿದ್ದ.

"ಮುಗಿದಿದ್ವಾ? ನಾವು ಎಲ್ಲಿಗೂ ಹೋಗೇ ಇಲ್ಲ."

"ನೀವಲ್ಲ. ನೆಂಟರು ಯಾರೋ ವರ್ಷಾ ವರ್ಷಾ ಹೋಗ್ತಾರೆ, ಈ ಸಲ ದೊಡ್ಡ ರೂಮೇ ಬೇಕಂತೆ, ಇಲ್ಲ ಅನ್ನೋಕಾಗಲ್ಲ ಅಂತಿದ್ದ. ಯಾರು ಅಂತ ನಾನೂ ಕೇಳ್ಲಿಲ್ಲ."

ಅಷ್ಟರಲ್ಲಿ ಅಣ್ಣ ಸಾಮಾನು ತುಂಬಲು ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಒಳಗೆ ಬಂದ. ಹಿಂದೆಯೇ ಬಂದ ಮೇಷ್ಟರು ವರದಿ ಒಪ್ಪಿಸಿದರು: ಪಾಯಿಂಟುಗಳನ್ನೆಲ್ಲ ಬಾಡಿಗೆಗೆ ಕೊಟ್ಟಾಯಿತು, ಶುಲ್ಕ ಕಟ್ಟಿದ್ದಾಯಿತು, ನಿಮ್ಮ ತಂಗಿ ಯಾರ ಹಂಗೂ ಇಲ್ಲದೆ ನಿಭಾಯಿಸುತ್ತಾಳೆ. ಅಣ್ಣ ಪೆಟ್ಟಿಗೆಗಳನ್ನು ಕೆಳಗಿಟ್ಟ. ಅವನ ಮುಖದಲ್ಲಿ ಹೆಮ್ಮೆ ಕಾಣಲಿಲ್ಲ.

"ಎಲ್ಲಾ ಪಾಯಿಂಟ್ಸೂ ಕೊಟ್ಬಿಟ್ಯಾ?"

"ಹೂಂ."

"ಹಾಗಾದ್ರೆ ನಮ್ಮ ರೂಮು? ನಾನು ರಜಾ ಹಾಕಿದೀನಿ."

ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಾಗ ಒಳಗಿದ್ದವರು ನೋಡುವಂತೆ ಎಲ್ಲರೂ ಬಾಗಿಲ ಮೇಲ್ಭಾಗವನ್ನು ನೋಡಿದರು.

ಭಾವನೇ ಹೋಗಿ ಬನ್ನಿ ಎನ್ನುತ್ತಿದ್ದರು, ತಾನಾಗಿ ಕೇಳಿದ್ದಲ್ಲ, ಅವಳಿಗೆ ಹೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾಳೆ ಎಂದದ್ದೂ ಅವರೇ ಎಂದು ಅಣ್ಣ ಒಂದೇ ಉಸಿರಿನಲ್ಲಿ ಹೇಳಿದ. ಅವಳು ಒಂದೊಂದಾಗಿ ಪೆಟ್ಟಿಗೆಗಳನ್ನು ಎತ್ತಿ ಅವನ ತೋಳಿಗೆ ಕೊಟ್ಟಳು.

"ರಜಾನ ಬಾಲ್ಕನಿಯಲ್ಲೇ ಕಳಿ ಅಣ್ಣ. ಗಾಜು ಹಾಕ್ಸಿದೀಯಲ್ಲ."

ಅಣ್ಣ ಇಳಿದು ಹೋದ ಮೇಲೆ ಫೋನು ಸದ್ದು ಮಾಡಿತು. ಶುಲ್ಕ ಸಂದಾಯವಾದ್ದರಿಂದ ಹೊಸ ವರ್ಷದ ಪಾಯಿಂಟುಗಳು ಖಾತೆಗೆ ಜಮೆಯಾಗಿವೆ, ಆನಂದಿಸಿ ಎಂದು ಕ್ಲಬ್ಬು ಬರೆದಿತ್ತು. ಅವಳಿಗೆ ಅರೆಗಳಿಗೆ ಸಮುದ್ರ ಕಂಡಿತು. ಅದೇ ಅರೆಗಳಿಗೆಯಲ್ಲಿ ಮುಂದಿನ ಶುಲ್ಕವೂ ಕಂಡಿತು. ಕಡ ತೀರಿಸಿದರೆ, ಆ ಶುಲ್ಕ ಹುಟ್ಟಿಸಲು ಬಾಡಿಗೆಗೆ ಬಿಡುವುದಕ್ಕೆ ಆಗ ಕೈಯಲ್ಲಿ ಒಂದು ಪಾಯಿಂಟೂ ಇರುವುದಿಲ್ಲ. ಸಹೋದ್ಯೋಗಿಗೂ ಸಂದೇಶ ಕಂಡಿತ್ತು. ಅವನು ತನ್ನ ಬೂಟುಗಳನ್ನೇ ನೋಡುತ್ತಿದ್ದ.

"ಅವಸರ ಏನಿಲ್ಲ," ಎಂದ. "ನಿಧಾನಕ್ಕೆ ಕೊಟ್ರೂ ಆಯ್ತು."

"ಬೇಡ, ಈಗಲೇ ತಗೊಳ್ಳಿ. ನಾಳೆ ಇನ್ಯಾರು ಬರ್ತಾರೋ."

ಅವನ ಸದಸ್ಯತ್ವದ ಸಂಖ್ಯೆ ಕೇಳಿ ಬರೆದಳು. ವರ್ಗಾವಣೆಯ ಕಾರಣ ಎಂಬಲ್ಲಿ ಕ್ಲಬ್ಬು ಒಂದೇ ಒಂದು ಆಯ್ಕೆ ಕೊಟ್ಟಿತ್ತು: 'ಪ್ರೀತಿಪಾತ್ರರಿಗೆ ಉಡುಗೊರೆ'. ಬೇರೆ ಏನಾದರೂ ಇದೆಯೇ ಎಂದು ಪರದೆಯನ್ನು ಮೇಲೆ ಕೆಳಗೆ ಸರಿಸಿ ನೋಡಿದಳು. ಇರಲಿಲ್ಲ. ಅದನ್ನೇ ಒತ್ತಿ, ಇದ್ದದ್ದನ್ನೆಲ್ಲ ಹಿಂದಿರುಗಿಸಿದಳು.